ಕಡಲು ದಾಟುವ ಮುನ್ನಾದಿನ

ಬ್ರಿಟಿಷ್ ವರ್ಜಿನ್ ದ್ವೀಪಗಳ ಪೈಕಿ ವರ್ಜಿನ್ ಗೋರ್ಡಾ ಒಂದು. ಅದರ ಉತ್ತರ ತುದಿಯಲ್ಲಿ ನಾರ್ತ್ ಸೌಂಡ್ ಎಂಬ ಕೊಲ್ಲಿಯಿದೆ. ಸುತ್ತ ಗುಡ್ಡಗಳು, ಪುಟ್ಟ ದ್ವೀಪಗಳು, ಹವಳದ ದಿಬ್ಬಗಳು. ಒಳಗೆ ಅಲೆಯಿಲ್ಲದ ನೀರು. ಇಲ್ಲಿಂದ ಪೂರ್ವಕ್ಕೆ, ಸೇಂಟ್ ಮಾರ್ಟಿನ್ ದ್ವೀಪಕ್ಕೆ ಹೊರಡುವ ಹಾಯಿದೋಣಿಗಳು ಸಾಮಾನ್ಯವಾಗಿ ಈ ಕೊಲ್ಲಿಯಲ್ಲಿ ಲಂಗರು ಹಾಕಿ ಒಳ್ಳೆಯ ಗಾಳಿಗೆ ಕಾಯುತ್ತವೆ. ಮುಂದಿರುವುದು ಅನೆಗಾಡಾ ಪ್ಯಾಸೇಜ್. ಸುಮಾರು 80 ನಾಟಿಕಲ್ ಮೈಲಿ, ಅಂದರೆ ಹೆಚ್ಚುಕಡಿಮೆ 150 ಕಿಲೋಮೀಟರು. ನಕಾಶೆಯಲ್ಲಿ ನೋಡಿದರೆ ಬೆರಳಗಲ. ಆದರೆ ಅಲ್ಲಿ ಕಡಲಿನ ಆಳ 2,000 ಮೀಟರು ಮೀರುತ್ತದೆ, ಅಟ್ಲಾಂಟಿಕ್ ಸಾಗರದ ಅಲೆಗಳಿಗೆ ಅಡ್ಡವಾಗಿ ಯಾವ ದ್ವೀಪವೂ ಇಲ್ಲ, ಮತ್ತು ವರ್ಷದ ಬಹುಪಾಲು ಗಾಳಿ ಎದುರಿನಿಂದಲೇ ಬೀಸುತ್ತದೆ.

ನಾನು ಮತ್ತು ನಮ್ಮವರು ಇಬ್ಬರೇ, 38 ಅಡಿಯ ಹಾಯಿದೋಣಿಯಲ್ಲಿ ಚಳಿಗಾಲದ ತಿಂಗಳುಗಳನ್ನು ಈ ದ್ವೀಪಗಳ ನಡುವೆ ಕಳೆಯುತ್ತೇವೆ. ಊರಿಗೆ ಹೋದಾಗ ಎಲ್ಲರೂ ಕೇಳುವುದು ಬಿರುಗಾಳಿಯ ಕಥೆ. ನನಗೆ ಹೇಳಬೇಕೆನಿಸುವುದು ಹೊರಡುವ ಮುನ್ನಾದಿನದ ವಿಚಾರ. ಆ ದಿನ ಇಬ್ಬರೂ ಸುಮ್ಮನಿದ್ದರೆ ಮಾತ್ರ ‘ನಾಳೆ ಹೋಗೋಣವೋ ಬೇಡವೋ’ ಎಂಬುದು ನಿಜವಾದ ಪ್ರಶ್ನೆಯಾಗಿ ಉಳಿಯುತ್ತದೆ. ಓಡಾಟದಲ್ಲಿ ಮುಳುಗಿದವರು ಮನಸ್ಸಿನಲ್ಲಿ ಆಗಲೇ ಹೊರಟುಬಿಟ್ಟಿರುತ್ತಾರೆ. ಆಮೇಲೆ ಅವರಿಗೆ ಯಾವ ಮೋಡವೂ ಕಾಣುವುದಿಲ್ಲ.

1. ಪಟ್ಟಿ ಮೊನ್ನೆಯೇ ಮುಗಿದಿರಲಿ

ಎಂಜಿನ್ ಎಣ್ಣೆ, ಬೆಲ್ಟು, ಕಡಲ ನೀರು ಸೋಸುವ ಜಾಲರಿ, ಚುಕ್ಕಾಣಿಯ ತಂತಿ, ಹಾಯಿಯ ಹೊಲಿಗೆ, ದೀಪ, ರೇಡಿಯೊ, ಬ್ಯಾಟರಿ. ಈ ಪಟ್ಟಿ ಎಲ್ಲ ದೋಣಿಗಳಲ್ಲೂ ಹೆಚ್ಚುಕಡಿಮೆ ಒಂದೇ, ಅದನ್ನಿಲ್ಲಿ ಬಿಡಿಸಿ ಹೇಳುವುದಿಲ್ಲ. ಮುನ್ನಾದಿನ ಬೆಳಿಗ್ಗೆ ಅದರಲ್ಲಿ ಏನಾದರೂ ಉಳಿದಿದ್ದರೆ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದು ಆಗದೆ ಕಡಲಿಗೆ ಹೋಗಬಹುದೇ? ಹೋಗಬಾರದು ಎಂದಾದರೆ ನಾಳೆಯ ಪಯಣ ರದ್ದು. ಹೋಗಬಹುದು ಎಂದಾದರೆ ಇವತ್ತು ಅದನ್ನು ಮುಟ್ಟಬೇಡಿ. ಸೇಂಟ್ ಮಾರ್ಟಿನ್‌ನಲ್ಲಿ ಸುಂಕವಿಲ್ಲ, ದೋಣಿಯ ಬಿಡಿಭಾಗಗಳ ದೊಡ್ಡ ಅಂಗಡಿಗಳಿವೆ, ಅಲ್ಲೇ ಮಾಡಿಕೊಳ್ಳಬಹುದು. ಹೊರಡುವ ಹಿಂದಿನ ರಾತ್ರಿ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಎಂಜಿನ್ ಬಿಚ್ಚಿ ಕೂರುವ ಗಂಡಸರನ್ನು ಕಂಡರೆ ನನಗೆ ಮೆಚ್ಚುಗೆಯೇನೂ ಹುಟ್ಟುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಹೊನ್ನಾವರದ ಕಡೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ನಿಂತಿರುತ್ತವೆ, ಜನ ಕವಳ ಹಾಕುತ್ತ ಬಲೆ ಸರಿಮಾಡುತ್ತ ಕೂತಿರುತ್ತಾರೆ, ಯಾರೂ ಅವರನ್ನು ಸೋಮಾರಿಗಳು ಎನ್ನುವುದಿಲ್ಲ. ಕೂರುವುದು ಕಡಲ ಕಸುಬಿನ ಒಂದು ಭಾಗವೆಂದು ಅಲ್ಲಿ ಮಕ್ಕಳಿಗೂ ಗೊತ್ತು. ಐಟಿ ಕೆಲಸದಿಂದ ನಿವೃತ್ತರಾಗಿ ದೋಣಿ ಹತ್ತಿದ ನಮ್ಮವರಿಗೆ ಅದನ್ನು ಕಲಿಸುವುದಕ್ಕೆ ಕೊಂಚ ಕಾಲ ಬೇಕಾಯಿತು.

2. ಕಾಗದಪತ್ರ ಮುಗಿಸಿ, ಡಿಂಗಿ ಎತ್ತಿ ಕಟ್ಟಿ

ದಡಕ್ಕೆ ಹೋಗಿಬರುವ ಸಣ್ಣ ರಬ್ಬರ್ ದೋಣಿಯೇ ಡಿಂಗಿ. ಅದು ನೀರಿನಲ್ಲಿ ಇರುವಷ್ಟು ಹೊತ್ತು ಏನಾದರೊಂದು ನೆನಪಾಗುತ್ತಲೇ ಇರುತ್ತದೆ: ಇನ್ನೊಂದು ಡಜನ್ ಮೊಟ್ಟೆ, ಒಂದು ಸಿಮ್ ಕಾರ್ಡು, ಪಕ್ಕದ ದೋಣಿಯವರ ಜೊತೆ ಒಂದು ಕಾಫಿ. ಮುನ್ನಾದಿನ ಬೆಳಿಗ್ಗೆ ಮೊದಲ ಕೆಲಸವಾಗಿ ಗನ್ ಕ್ರೀಕ್‌ನ ಕಸ್ಟಮ್ಸ್ ಮತ್ತು ವಲಸೆ ಕಚೇರಿಗೆ ಹೋಗಿ, ದೇಶ ಬಿಡುವ ಮುದ್ರೆ ಹಾಕಿಸಿಕೊಂಡು ಬನ್ನಿ. ಬಂದವರೇ ಡಿಂಗಿಯ ಮೋಟಾರು ಕಳಚಿ ಕಟಕಟೆಗೆ ಸಿಕ್ಕಿಸಿ, ಡಿಂಗಿಯನ್ನು ಮೇಲೆತ್ತಿ ಮಗುಚಿ ಬಿಗಿದುಬಿಡಿ. ದೊಡ್ಡ ಕಡಲಿನಲ್ಲಿ ಅದನ್ನು ಹಿಂದೆ ಕಟ್ಟಿ ಎಳೆದೊಯ್ಯುವ ಯೋಚನೆ ಬೇಡವೇ ಬೇಡ. ಇನ್ನು ದಡ ನಿಮ್ಮದಲ್ಲ. ಹತ್ತು ಗಂಟೆಗೆಲ್ಲ ದಿನ ಸದ್ದಡಗಿ ಕೂರುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಂದು ಮಾತು. ಇಲ್ಲಿ ಹತ್ತಿರ ಹತ್ತಿರದ ದ್ವೀಪಗಳೂ ಬೇರೆ ಬೇರೆ ಆಡಳಿತದವು, ವೀಸಾ ನಿಯಮವೂ ಬೇರೆ. ಸೇಂಟ್ ಮಾರ್ಟಿನ್ ಒಂದೇ ದ್ವೀಪವಾದರೂ 1648ರ ಒಪ್ಪಂದದಿಂದ ಹಂಚಿಹೋಗಿದೆ: ಉತ್ತರ ಫ್ರೆಂಚರದು, ದಕ್ಷಿಣ ಡಚ್ಚರದು. ನಡುವೆ ಗೇಟಿಲ್ಲ, ಪೊಲೀಸರಿಲ್ಲ, ಆದರೆ ದೋಣಿಯಲ್ಲಿ ಬಂದವರಿಗೆ ಎರಡೂ ಕಡೆಯ ನಿಯಮ ಬೇರೆ ಬೇರೆ. ಇದನ್ನು ಲಂಗರು ಎತ್ತುವ ವಾರ ಮೊದಲೇ ವಿಚಾರಿಸಿಕೊಂಡಿರಬೇಕು.

ಮುದ್ರೆ ಬಿದ್ದ ಮೇಲೆ ಗಡುವಿನೊಳಗೆ ಹೊರಡಬೇಕೆಂಬ ಒತ್ತಡ ಶುರುವಾಗುತ್ತದೆ, ನಿಜ. ಗಾಳಿ ಸರಿಯಿಲ್ಲದಿದ್ದರೆ ಅದೇ ಕಿಟಕಿಗೆ ಮತ್ತೆ ಹೋಗಿ ನಿಲ್ಲಬೇಕು, ಬೇಕಾದರೆ ಮತ್ತೊಮ್ಮೆ ಶುಲ್ಕ ಕಟ್ಟಬೇಕು. ಅಲ್ಲಿ ಆಗುವ ಮುಜುಗರ ಹತ್ತು ನಿಮಿಷದ್ದು.

3. ವೇಗಕ್ಕಿಂತ ಮೊದಲು ದಿಕ್ಕು

ಶಾಲೆಯ ಭೂಗೋಳದಲ್ಲಿ ವಾಣಿಜ್ಯ ಮಾರುತ ಎಂದು ಓದಿದ್ದು ನೆನಪಿರಬಹುದು. ಕೆರಿಬಿಯನ್ನಿನ ಬದುಕೆಲ್ಲ ಆ ಗಾಳಿಯ ಮೇಲೆ ನಿಂತಿದೆ. ಪೂರ್ವದಿಂದಲೋ ಈಶಾನ್ಯದಿಂದಲೋ, ಚಳಿಗಾಲದಲ್ಲಿ ಸಾಮಾನ್ಯವಾಗಿ 15ರಿಂದ 20 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ವೇಗದಲ್ಲಿ ಬೀಸುತ್ತಲೇ ಇರುತ್ತದೆ. ಡಿಸೆಂಬರ್ ಕೊನೆಗೆ, ಜನವರಿಯಲ್ಲಿ ಕೆಲವು ದಿನ 25 ದಾಟಿ 30ರ ಹತ್ತಿರ ಹೋಗುವುದುಂಟು. ಇಲ್ಲಿಯ ನಾವಿಕರು ಅದನ್ನು ಕ್ರಿಸ್ಮಸ್ ಗಾಳಿ ಎನ್ನುತ್ತಾರೆ.

ಹೊಸಬರು ಮುನ್ಸೂಚನೆ ನೋಡುವಾಗ ಅಂಕಿಯನ್ನಷ್ಟೇ ನೋಡುತ್ತಾರೆ. 18 ಎಂದಿದ್ದರೆ ಹೊರಡೋಣ, 24 ಎಂದಿದ್ದರೆ ಬೇಡ. ಈ ದಾರಿಯಲ್ಲಿ ಅಷ್ಟು ಸಾಲದು. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಗಾಳಿ ಬರುವ ದಿಕ್ಕಿಗೆ ಕಡಿಮೆಯೆಂದರೂ 45 ಡಿಗ್ರಿ ಓರೆಯಾಗಿ ಸಾಗಬೇಕು. ವರ್ಜಿನ್ ಗೋರ್ಡಾದಿಂದ ಸೇಂಟ್ ಮಾರ್ಟಿನ್ ಇರುವುದು ನೇರ ಪೂರ್ವಕ್ಕಿಂತ ಸುಮಾರು 20 ಡಿಗ್ರಿ ದಕ್ಷಿಣಕ್ಕೆ. ಗಾಳಿ ನೇರ ಪೂರ್ವದ್ದಾದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆ ಹೊಡೆಯುತ್ತ ಹೋಗಬೇಕಾಗುತ್ತದೆ. 80 ಮೈಲಿಯ ದಾರಿ ಆಗ ನೂರನ್ನು ಸಲೀಸಾಗಿ ದಾಟುತ್ತದೆ. ಸಾಲದ್ದಕ್ಕೆ ಪಶ್ಚಿಮಕ್ಕೆ ಹರಿಯುವ ಪ್ರವಾಹ ದೋಣಿಯನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಅದೇ ಗಾಳಿ ಈಶಾನ್ಯಕ್ಕೆ ತಿರುಗಿಕೊಂಡರೆ ಒಂದೇ ಓಟದಲ್ಲಿ, ಹಾಯಿಯ ಹಗ್ಗ ಮುಟ್ಟದೆ, ಬೆಳಗಾಗುವಷ್ಟರಲ್ಲಿ ತಲುಪಬಹುದು. ಈಶಾನ್ಯದ 20 ನಾಟ್ ಗಾಳಿಗೆ ನಾನು ಖುಷಿಯಿಂದ ಹೊರಡುತ್ತೇನೆ. ಪೂರ್ವ–ಆಗ್ನೇಯದ 15ಕ್ಕೆ ಹೊರಡುವುದಿಲ್ಲ.

ಹೀಗೆ ದಿಕ್ಕು ಬದಲಾಗುವುದು ಯಾವಾಗ? ಚಳಿಗಾಲದಲ್ಲಿ ಉತ್ತರ ಅಮೆರಿಕದಿಂದ ತಂಪು ಗಾಳಿಯ ಪಟ್ಟಿಗಳು ದಕ್ಷಿಣಕ್ಕೆ ಇಳಿದು ಬರುತ್ತವೆ. ಅವು ಹತ್ತಿರ ಬಂದಾಗ ವಾಣಿಜ್ಯ ಮಾರುತ ಸೋತು ಆಗ್ನೇಯಕ್ಕೆ, ಕೆಲವೊಮ್ಮೆ ದಕ್ಷಿಣಕ್ಕೆ ತಿರುಗುತ್ತದೆ. ಒಂದೊಂದು ಸಲ ನಿಂತೇ ಹೋಗುತ್ತದೆ. ಪಟ್ಟಿ ದಾಟಿದ ಮೇಲೆ ಉತ್ತರದಿಂದ, ಆಮೇಲೆ ಈಶಾನ್ಯದಿಂದ ಜೋರಾಗಿ ಬೀಸಿ, ಮತ್ತೆ ಪೂರ್ವಕ್ಕೆ ಬಂದು ನಿಲ್ಲುತ್ತದೆ. ಈ ಏರಿಳಿತದಲ್ಲಿ ಎರಡು ಸಂದುಗಳಿವೆ. ಗಾಳಿ ಸೋತ ಹೊತ್ತಿನಲ್ಲಿ ಎಂಜಿನ್ ಹಾಕಿಕೊಂಡು ದಾಟುವವರು ಕೆಲವರು, ಈಶಾನ್ಯದ ಗಾಳಿಗೆ ಕಾದು ಹಾಯಿಯಲ್ಲಿ ಹೋಗುವವರು ಕೆಲವರು. ನಾವು ಎರಡನೆಯ ಪಂಗಡ. ಡೀಸೆಲ್ ವಾಸನೆಯಲ್ಲಿ ರಾತ್ರಿ ಕಳೆಯುವ ಆಸೆ ನನಗಿಲ್ಲ.

ಅಲೆಯನ್ನು ನೋಡುವಾಗಲೂ ಎತ್ತರವೊಂದೇ ಸಾಲದು. ಎರಡು ಮೀಟರಿನ ಅಲೆ ಹತ್ತು ಸೆಕೆಂಡಿಗೊಂದು ಬಂದರೆ ದೋಣಿ ಏರಿ ಇಳಿಯುತ್ತದೆ, ಅಷ್ಟೆ. ಅದೇ ಎರಡು ಮೀಟರು ಐದು ಸೆಕೆಂಡಿಗೊಂದು ಬಂದರೆ ಪಾತ್ರೆ ಪಡಗ, ಸೊಂಟ, ದಾಂಪತ್ಯ ಎಲ್ಲವೂ ಅಲುಗಾಡುತ್ತವೆ.

4. ಮುನ್ಸೂಚನೆ ದಿನಕ್ಕೆ ಎರಡು ಸಲ ಸಾಕು

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮುನ್ಸೂಚನೆಯ ಗಣಕ ಮಾದರಿಗಳಲ್ಲಿ ಪ್ರಮುಖವಾದವು ಕೆಲವು ಗಂಟೆಗಳಿಗೊಮ್ಮೆ ಮಾತ್ರ ಹೊಸ ಲೆಕ್ಕ ಹಾಕುತ್ತವೆ. ನಡುವೆ ಹತ್ತು ಸಲ ಫೋನ್ ತೆರೆದರೆ ಹತ್ತು ಸಲವೂ ಕಾಣುವುದು ಹಳೆಯದೇ. ಈ ಕಡಲಿನ ನಾವಿಕರು ಬಹುಕಾಲದಿಂದ ರೇಡಿಯೊದಲ್ಲಿ ಕೇಳುತ್ತ ಬಂದಿರುವ ಕ್ರಿಸ್ ಪಾರ್ಕರ್ ಅವರ ಹವಾಮಾನ ವರದಿಯಂಥದ್ದೊಂದು, ಒಂದು ಮಾದರಿಯ ನಕಾಶೆ, ಆಮೇಲೆ ತಲೆಯೆತ್ತಿ ಆಕಾಶ. ಮೂರೂ ಒಂದೇ ಮಾತು ಹೇಳಬೇಕು.

5. ದೋಣಿಯ ಸದ್ದು ಕೇಳಿಸಿಕೊಳ್ಳಿ

ಸುಮ್ಮನಿರುವ ದಿನದ ದೊಡ್ಡ ಲಾಭವೆಂದರೆ ಇದು. ಸಂಗೀತ ಬೇಡ, ಪಾಡ್‌ಕಾಸ್ಟ್ ಬೇಡ. ಒಂದು ಗಂಟೆ ಒಳಗೆ ಮಲಗಿ ಕಿವಿಗೊಡಿ. ನಲ್ಲಿಗಳೆಲ್ಲ ಮುಚ್ಚಿದ್ದರೂ ಕುಡಿಯುವ ನೀರಿನ ಪಂಪು ತಾನಾಗಿ ಎರಡು ಸೆಕೆಂಡು ಓಡಿ ನಿಂತಿತೆ? ಎಲ್ಲೋ ಕೊಳವೆ ಜಿನುಗುತ್ತಿದೆ. ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪು ಗುರುಗುಟ್ಟಿತೆ? ಹಲಗೆ ಎತ್ತಿ ಆ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ. ಸಪ್ಪೆಯಾಗಿದ್ದರೆ ತೊಟ್ಟಿಯದು, ನಿಧಾನವಾಗಿ ನೋಡಬಹುದು. ಉಪ್ಪಾಗಿದ್ದರೆ ಕಡಲಿನದು, ಅದು ಬರುವ ದಾರಿ ಸಿಗುವವರೆಗೆ ಹೊರಡುವ ಮಾತಿಲ್ಲ. ನಮ್ಮವರು ಈ ನೀರು ರುಚಿ ನೋಡುವುದನ್ನು ಕಂಡು ಒಮ್ಮೆ ದೋಣಿಗೆ ಬಂದಿದ್ದ ಅವರ ಅಕ್ಕ ಊಟ ಬಿಟ್ಟೆದ್ದಿದ್ದರು.

ಕಪಾಟುಗಳ ಸದ್ದು ಬೇರೆ. ಲಂಗರಿನಲ್ಲಿ ಮೌನವಾಗಿರುವ ಬೇಳೆ ಡಬ್ಬಿ ಕಡಲಿನಲ್ಲಿ ರಾತ್ರಿಯಿಡೀ ಟಣ್ ಟಣ್ ಎನ್ನುತ್ತದೆ, ಪಾಳಿ ಮುಗಿಸಿ ಮಲಗಿದವರ ನಿದ್ದೆ ಕೆಡಿಸುವುದು ಇಂಥದ್ದೇ. ಹಳೆಯ ಪಂಚೆ, ಟವೆಲ್ಲು, ಕಾಲುಚೀಲಗಳನ್ನೆಲ್ಲ ಡಬ್ಬಿಗಳ ನಡುವೆ ತುರುಕಿ.

6. ನೀರಿಗಿಳಿಯಿರಿ

ಮಧ್ಯಾಹ್ನದ ಬಿಸಿಲಿನಲ್ಲಿ ಈಜುಗನ್ನಡಕ ಹಾಕಿಕೊಂಡು ದೋಣಿಯ ಕೆಳಗೊಂದು ಸುತ್ತು. ಪ್ರಿಕ್ಲಿ ಪಿಯರ್ ದ್ವೀಪದ ಬದಿಯಲ್ಲಿ ಮರಳಿನ ತಳ, ಎರಡು ಮೂರು ಮಾರು ನೀರು, ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಪ್ರೊಪೆಲ್ಲರಿಗೆ ಹಗ್ಗದ ಚೂರೋ ಬಲೆಯೋ ಸುತ್ತಿಕೊಂಡಿದೆಯೇ, ಚುಕ್ಕಾಣಿ ಗಟ್ಟಿಯಾಗಿದೆಯೇ, ಎಂಜಿನ್ ನೀರು ಎಳೆಯುವ ತೂತಿಗೆ ಚಿಪ್ಪು ಕಟ್ಟಿದೆಯೇ. ಆಮೇಲೆ ಸರಪಳಿಯ ಜಾಡು ಹಿಡಿದು ಲಂಗರಿನವರೆಗೆ ಈಜಿ. ಅದು ಮರಳಿನಲ್ಲಿ ಹೂತಿರಬೇಕು, ಕಡಲಹುಲ್ಲಿನ ಮೇಲೋ ಹವಳದ ಮೇಲೋ ಇರಬಾರದು. ಆಳದ ಐದು ಪಟ್ಟು ಸರಪಳಿ ಬಿಟ್ಟು ಸರಿಯಾಗಿ ಹೂತ ಲಂಗರು ನಿಮ್ಮ ಆ ರಾತ್ರಿಯ ನಿದ್ದೆಗೆ ಜಾಮೀನು. ನಾಳೆ ಎತ್ತುವಾಗ ತಳದ ಯಾವುದೋ ಹಳೆಯ ಸರಪಳಿಗೆ ತೊಡರಿಕೊಳ್ಳುತ್ತದೆಯೋ ಎಂಬುದೂ ಈಗಲೇ ಗೊತ್ತಾಗುತ್ತದೆ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಈ ದ್ವೀಪಗಳ ಮೇಲೆ ಹಾದುಹೋದಾಗ ಈ ಕೊಲ್ಲಿಯ ಹೆಸರಾಂತ ಬಿಟರ್ ಎಂಡ್ ಯಾಟ್ ಕ್ಲಬ್ ನೆಲಸಮವಾಯಿತು, ದ್ವೀಪಗಳ ತುಂಬ ದೋಣಿಗಳು ಒಂದರ ಮೇಲೊಂದು ಬಿದ್ದವು. ಕೆರಿಬಿಯನ್ನಿನ ಕೊಲ್ಲಿಗಳ ತಳವನ್ನು ಕಣ್ಣುಮುಚ್ಚಿ ನಂಬುವ ಕಾಲ ಅಲ್ಲಿಗೆ ಮುಗಿಯಿತು.

ದೋಣಿಯ ನೆರಳಿನಲ್ಲಿ ಬರಾಕುಡಾ ಮೀನೊಂದು ನಿಂತಿರುವುದು ಮಾಮೂಲು. ಹಲ್ಲು ನೋಡಿ ಹೆದರಬೇಡಿ, ಬಾಡಿಗೆ ಕೊಡದೆ ವಾಸಿಸುವ ನಿರುಪದ್ರವಿ. ಮಿಂಚುವ ಉಂಗುರ, ಸರ ಮಾತ್ರ ತೆಗೆದಿಟ್ಟು ಇಳಿಯಿರಿ.

7. ಅಡುಗೆ ಮುಂಚೆಯೇ, ಬಟ್ಟಲು ಆಳವಾಗಿ

ಕಡಲಿನ ಮೊದಲ ರಾತ್ರಿ ಯಾರೂ ಒಲೆಯ ಮುಂದೆ ನಿಲ್ಲಬಾರದು. ಮುನ್ನಾದಿನ ಸಂಜೆಯೇ ಕುಕ್ಕರಿನಲ್ಲಿ ಖಾರ ಕಡಿಮೆ ಮಾಡಿದ ಬಿಸಿಬೇಳೆಬಾತ್, ಒಂದು ಡಬ್ಬಿ ಒಗ್ಗರಣೆ ಅವಲಕ್ಕಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಮೊಸರನ್ನ ಮರುದಿನ ಬೆಳಿಗ್ಗೆ. ತಟ್ಟೆಗಳನ್ನು ಒಳಗಿಡಿ, ಆಳದ ಬಟ್ಟಲು, ಚಮಚ, ಒಂದೇ ಕೈಯಲ್ಲಿ ಹಿಡಿದು ತಿನ್ನುವಂಥದ್ದು ಮಾತ್ರ ಹೊರಗಿರಲಿ. ಕುಕ್ಕರನ್ನು ಹಾಯಿದೋಣಿಯವರು ಯಾವ ದೇಶದವರೇ ಆಗಲಿ ಇಟ್ಟುಕೊಂಡಿರುತ್ತಾರೆ: ಮುಚ್ಚಳ ಬಿಗಿ, ಮಗುಚಿದರೂ ಚೆಲ್ಲದು, ಅನಿಲ ಉಳಿತಾಯ.

ಮುನ್ನಾದಿನದ ಮಧ್ಯಾಹ್ನದ ಊಟ ಮಾತ್ರ ಗಡದ್ದಾಗಿರಬೇಕು. ದಡದ ಅಂಗಡಿಯಲ್ಲಿ ಬ್ರೆಡ್‌ಫ್ರೂಟ್ ಸಿಕ್ಕರೆ ನನಗೆ ಹಬ್ಬ, ಏಕೆಂದರೆ ಅದು ನಮ್ಮ ಜೀಗುಜ್ಜೆಯೇ. ಶಾಂತಸಾಗರದ ತಾಹಿತಿಯಿಂದ ಅದರ ಸಸಿಗಳನ್ನು ಕ್ಯಾಪ್ಟನ್ ಬ್ಲೈ 1793ರಲ್ಲಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾಕ್ಕೆ ತಂದಿಳಿಸಿದ. ತೋಟದ ಗುಲಾಮರಿಗೆ ಅಗ್ಗದ ಆಹಾರ ಬೇಕಿತ್ತು, ಅದಕ್ಕೆ. ಮೊದಲ ಯತ್ನದಲ್ಲಿ ಅವನ ಬೌಂಟಿ ಹಡಗಿನಲ್ಲಿ ದಂಗೆಯೆದ್ದ ನಾವಿಕರು ಸಸಿಗಳನ್ನೂ ಅವನನ್ನೂ ಹೊರಹಾಕಿದ್ದರು. ಇಂಥ ಚರಿತ್ರೆಯ ಕಾಯಿಗೆ ಸಾಸಿವೆ, ಒಣಮೆಣಸು, ತೆಂಗಿನ ತುರಿ ಹಾಕಿ ಪಲ್ಯ ಮಾಡಿ ಉಂಡು ಮಲಗಿದರೆ ಸಂಜೆ ನಾಲ್ಕರವರೆಗೆ ಎಚ್ಚರವಾಗುವುದಿಲ್ಲ. ಆ ನಿದ್ದೆಯೇ ಬೇಕಾದದ್ದು.

8. ಕಡಲಕಾಯಿಲೆಯ ಮಾತ್ರೆ ಲಂಗರಿನಲ್ಲೇ ಪರೀಕ್ಷಿಸಿ

ಅಲೆಗೆ ವಾಂತಿ ಬರುವುದಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ. ಶುಂಠಿ ಕೆಲವರಿಗೆ ಸಾಕು, ಕೆಲವರಿಗೆ ಸಾಲದು. ಸಿನ್ನರಿಜಿನ್ ಎಂಬ ಔಷಧಿ ಭಾರತದಲ್ಲಿ ಸ್ಟುಜೆರಾನ್ ಹೆಸರಿನಲ್ಲಿ ಸಿಗುತ್ತದೆ, ಅಮೆರಿಕದಲ್ಲಿ ಮಾರಾಟಕ್ಕಿಲ್ಲ. ಆದ್ದರಿಂದ ಊರಿಗೆ ಹೋದಾಗ ವೈದ್ಯರನ್ನು ಕೇಳಿ ತಂದಿಟ್ಟುಕೊಳ್ಳುತ್ತೇವೆ. ಯಾವುದೇ ಆಗಲಿ, ಮೊದಲ ಸಲ ನುಂಗುವುದು ಕಡಲಿನಲ್ಲಿ ಆಗಬಾರದು. ತೂಕಡಿಕೆ ಬರುತ್ತದೆಯೇ, ಬಾಯಿ ಒಣಗುತ್ತದೆಯೇ ಎಂದು ಸುಮ್ಮನಿರುವ ದಿನವೇ ನೋಡಿಕೊಳ್ಳಿ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

9. ಬೀಳುವ ಮಾತನ್ನು ಹಗಲಿನಲ್ಲಿ ಆಡಿ

ನಮ್ಮಲ್ಲಿ ಅಪಶಕುನ ಎಂದು ತಳ್ಳಿಹಾಕುವ ಮಾತು ಇದು. ನಮ್ಮವರು ರಾತ್ರಿ ನೀರಿಗೆ ಬಿದ್ದರೆ ದೋಣಿಯಲ್ಲಿ ಉಳಿಯುವುದು ನಾನೊಬ್ಬಳೇ. ನಾನು ಬಿದ್ದರೆ ಅವರೊಬ್ಬರೇ. ಆರು ನಾಟ್ ವೇಗದ ದೋಣಿ ನಿಮಿಷಕ್ಕೆ 185 ಮೀಟರು ಮುಂದೆ ಹೋಗುತ್ತದೆ. ಎರಡು ಮೀಟರಿನ ಅಲೆಗಳ ನಡುವೆ ಅಷ್ಟು ದೂರದಲ್ಲಿ ಮನುಷ್ಯನ ತಲೆ ಹಗಲಿನಲ್ಲೂ ಕಾಣುವುದು ಕಷ್ಟ.

ಹಾಗಾಗಿ ಮುನ್ನಾದಿನ ಚಹಾ ಕುಡಿಯುತ್ತ ಒಮ್ಮೆ ಬಾಯಲ್ಲಿ ಹೇಳಿಕೊಳ್ಳುತ್ತೇವೆ. ದೀಪವಿರುವ ತೇಲುಬಳೆ ಎಸೆಯುವುದು. ಜಿಪಿಎಸ್ ಗುಂಡಿ ಒತ್ತುವುದು. ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ ನಿಲ್ಲಿಸುವುದು. ನೀರಿನಲ್ಲಿ ಹಗ್ಗ ಬಿದ್ದಿಲ್ಲವೆಂದು ನೋಡಿಯೇ ಎಂಜಿನ್ ಹಾಕುವುದು. ರೇಡಿಯೊದ 16ನೇ ಚಾನೆಲ್ಲಿನಲ್ಲಿ ಮೇಡೇ ಕರೆ. ಬಾಯಿಪಾಠದಲ್ಲಿ ತಡವರಿಸುವವರು ಮಾತ್ರ ಮತ್ತೊಮ್ಮೆ ಹೇಳಬೇಕು.

ಎಲ್ಲಕ್ಕಿಂತ ಕಷ್ಟ ಮೇಲೆತ್ತುವುದು. ನೀರಿನಿಂದ ದೋಣಿಯ ಅಂಚಿಗೆ ಒಂದು ಮೀಟರಿಗೂ ಹೆಚ್ಚು ಎತ್ತರ, ತೊಯ್ದ ಬಟ್ಟೆಯ 80 ಕಿಲೋದ ಗಂಡಸು, ನನ್ನ ತೂಕ 55. ತೋಳಿನ ಬಲದಿಂದ ಆಗುವ ಕೆಲಸವಲ್ಲ. ಹಾಯಿ ಏರಿಸುವ ಹಗ್ಗವನ್ನು ಅವರ ಲೈಫ್‌ಜಾಕೆಟ್ಟಿನ ಕೊಂಡಿಗೆ ಸಿಕ್ಕಿಸಿ, ವಿಂಚ್ ತಿರುಗಿಸಿ ಎತ್ತಬೇಕು. ಇದನ್ನು ಓದಿ ಕಲಿಯಲಾಗದು. ನಾರ್ತ್ ಸೌಂಡಿನ ಶಾಂತ ನೀರಿನಲ್ಲಿ ಅವರು ಎಚ್ಚರತಪ್ಪಿದವರಂತೆ ಕೈಕಾಲು ಬಿಟ್ಟು ತೇಲುತ್ತಾರೆ, ನಾನು ಎತ್ತುತ್ತೇನೆ. ಪಕ್ಕದ ಬಾಡಿಗೆ ಕ್ಯಾಟಮರಾನಿನವರು ಬಿಯರ್ ಹಿಡಿದು ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ.

ಈ ದೋಣಿಯ ಕಟ್ಟಳೆ ಎರಡು. ಕತ್ತಲಾದ ಮೇಲೆ ಸುರಕ್ಷತಾ ಪಟ್ಟಿಯನ್ನು ದೋಣಿಗೆ ಸಿಕ್ಕಿಸದೆ, ಇನ್ನೊಬ್ಬರನ್ನು ಎಬ್ಬಿಸದೆ ಯಾರೂ ಕಾಕ್‌ಪಿಟ್ ಬಿಟ್ಟು ಕದಲುವಂತಿಲ್ಲ. ಮೂತ್ರಕ್ಕೆ ದೋಣಿಯ ಅಂಚಿಗೆ ಹೋಗಿ ನಿಲ್ಲುವಂತಿಲ್ಲ. ಒಳಗೆ ಶೌಚಾಲಯವಿದೆ, ಕೂತುಕೊಂಡೇ ಮಾಡಬೇಕು.

ಹೆಂಗಸರಿಗೆ ಬೇರೆಯಾಗಿ ಒಂದು ಮಾತು: ಗಂಡನೇ ಕಪ್ತಾನ, ನಾನು ಅಡುಗೆಯವಳು ಎಂದು ಒಪ್ಪಿಕೊಂಡು ದೋಣಿ ಹತ್ತಬೇಡಿ. ಎಂಜಿನ್ ಹಾಕುವುದು, ಹಾಯಿ ಕುಗ್ಗಿಸುವುದು, ರೇಡಿಯೊದಲ್ಲಿ ನಿಂತ ಜಾಗ ಹೇಳುವುದು, ಇಷ್ಟನ್ನು ಒಬ್ಬಳೇ ಮಾಡಲು ಬಾರದವಳು ಆ ದೋಣಿಯಲ್ಲಿ ಪ್ರಯಾಣಿಕಳು ಮಾತ್ರ. ನೌಕಾಪಡೆಯ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಣಿಯರು 2024ರ ಅಕ್ಟೋಬರಿನಲ್ಲಿ ಗೋವಾದಿಂದ ತಾರಿಣಿ ಹಾಯಿದೋಣಿಯಲ್ಲಿ ಹೊರಟು, ಭೂಮಿ ಸುತ್ತಿ, 2025ರ ಮೇ ಕೊನೆಗೆ ಮರಳಿದರು. ಇಬ್ಬರೇ. ಅಡುಗೆಯವರು ಬೇರೆ ಇರಲಿಲ್ಲ.

10. ಪಾಳಿ, ಚಂದ್ರ, ಬಣ್ಣ

ಸಂಜೆ ಏಳರಿಂದ ಮೂರು ಮೂರು ಗಂಟೆಯ ಪಾಳಿ. ಯಾರದು ಯಾವುದು ಎಂಬುದು ಮುನ್ನಾದಿನವೇ ತೀರ್ಮಾನವಾಗಿರಬೇಕು, ರಾತ್ರಿ ಒಂದಕ್ಕೆ ಚರ್ಚೆ ನಡೆಯಬಾರದು. ಮೊದಲ ಪಾಳಿಯಲ್ಲಿ ಮಲಗುವ ಸರದಿ ಬಂದವರಿಗೆ ನಿದ್ದೆ ಬರುವುದೇ ಇಲ್ಲ. ಆದರೂ ಕಣ್ಣುಮುಚ್ಚಿ ಮಲಗಿರಬೇಕು.

ಸಾಧ್ಯವಾದರೆ ಶುಕ್ಲ ಪಕ್ಷ ಆರಿಸಿಕೊಳ್ಳುತ್ತೇವೆ. ಏಕಾದಶಿಯ ಚಂದ್ರ ರಾತ್ರಿ ಮೂರರ ಸುಮಾರಿಗೆ ಮುಳುಗುತ್ತಾನೆ, ಹುಣ್ಣಿಮೆಯವನು ಬೆಳಗಿನವರೆಗೆ ಇರುತ್ತಾನೆ. ಪ್ರವಾಸಿ ಹಡಗುಗಳ ದೀಪಗಳು ಚಂದ್ರನಿಲ್ಲದಿದ್ದರೂ ಕಾಣುತ್ತವೆ, ಅಲೆಯ ಮೇಲೆ ತೇಲುವ ಮರದ ದಿಮ್ಮಿ ಕಾಣುವುದಿಲ್ಲ.

ಹೊರಡುವುದು ಮಧ್ಯಾಹ್ನ ಮೂರರ ಆಸುಪಾಸು. ನೆಕರ್ ದ್ವೀಪದ ಬಳಿಯ ಹವಳ ದಿಬ್ಬಗಳನ್ನೂ, ಉತ್ತರಕ್ಕೆ ಅನೆಗಾಡಾ ದ್ವೀಪಕ್ಕೆ ಅಂಟಿಕೊಂಡಂತೆ ಮೈಲುಗಟ್ಟಲೆ ಚಾಚಿರುವ ಹಾರ್ಸ್‌ಶೂ ದಿಬ್ಬವನ್ನೂ ಬೆಳಕಿರುವಾಗಲೇ ದಾಟಿರಬೇಕು. ಆ ದಿಬ್ಬದ ಮೇಲೆ ಶತಮಾನಗಳಿಂದ ನೂರಾರು ಹಡಗುಗಳು ಒಡೆದಿವೆ. ಐದು ನಾಟ್ ವೇಗದಲ್ಲಿ 16 ಗಂಟೆ, ಅಂದರೆ ತಲುಪುವುದೂ ಬೆಳಕಿನಲ್ಲೇ. ಬೇಗ ಬಂದುಬಿಟ್ಟರೆ ಹಾಯಿಗಳನ್ನು ಒಂದಕ್ಕೊಂದು ಎದುರಾಗಿಸಿ, ದೋಣಿಯನ್ನು ಕಡಲಿನಲ್ಲೇ ನಿಲ್ಲಿಸಿ ಬೆಳಗಿಗೆ ಕಾಯುವುದು.

ಇನ್ನೊಂದು. ಮಂಗಳೂರು, ಮಲ್ಪೆ, ಕಾರವಾರಗಳಲ್ಲಿ ಕಡಲಿನಿಂದ ಬಂದರಿನೊಳಕ್ಕೆ ಬರುವಾಗ ಕೆಂಪು ತೇಲುಗುರುತು ಎಡಕ್ಕಿರಬೇಕು. ಅಮೆರಿಕ ಖಂಡಗಳಲ್ಲಿ, ಕೆರಿಬಿಯನ್ನಿನಲ್ಲಿ ಅದು ಬಲಕ್ಕೆ. ನಮ್ಮ ಕಡಲಿನಲ್ಲಿ ಕಲಿತು ಬಂದವರು ಇದನ್ನು ಚುಕ್ಕಾಣಿಯ ಹತ್ತಿರ ಚೀಟಿ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು. ಹೊರಹೋಗುವಾಗ ಎಲ್ಲ ಉಲ್ಟಾ.

11. ಮನೆಗೆ ಗಡಿಯಾರ ಕೊಟ್ಟು ಹೊರಡಿ

ಇಲ್ಲಿಗೂ ಭಾರತಕ್ಕೂ ಒಂಬತ್ತೂವರೆ ಗಂಟೆಯ ಅಂತರ. ಇಲ್ಲಿ ಮಧ್ಯಾಹ್ನ ಹನ್ನೆರಡಾದರೆ ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆ. ಮಗಳಿಗೆ ‘ನಾಳೆ ಹೊರಡ್ತೀವಿ, ತಲುಪಿ ಫೋನ್ ಮಾಡ್ತೀವಿ’ ಎಂದಷ್ಟೇ ಹೇಳಿದರೆ ಆಕೆ ಎರಡು ದಿನ ನಿದ್ದೆಗೆಡುತ್ತಾಳೆ. ಬರೆದು ಕಳಿಸಬೇಕು: ಇಂಥ ಹೊತ್ತಿಗೆ ಹೊರಡುತ್ತೇವೆ, ಇಂಥ ಹೊತ್ತಿಗೆ ತಲುಪುವ ಅಂದಾಜು, ಅದಾಗಿ ಹನ್ನೆರಡು ಗಂಟೆಯವರೆಗೆ ಸುದ್ದಿಯಿಲ್ಲದಿದ್ದರೂ ಗಾಬರಿ ಬೇಡ, ಆಮೇಲೂ ಇಲ್ಲದಿದ್ದರೆ ಈ ಸಂಖ್ಯೆಗೆ ಕರೆಮಾಡು. ವರ್ಜಿನ್ ದ್ವೀಪಗಳ ಕಡೆಗೆ ವಿಸಾರ್ ಎಂಬ ಸ್ವಯಂಸೇವಕರ ರಕ್ಷಣಾ ಪಡೆ, ಪೋರ್ಟೊರಿಕೊದ ಸಾನ್ ಹ್ವಾನ್‌ನಲ್ಲಿ ಅಮೆರಿಕದ ಕರಾವಳಿ ಪಡೆ; ಫ್ರೆಂಚ್ ದ್ವೀಪಗಳ ಕಡೆಗೆ ಮಾರ್ಟಿನಿಕ್‌ನ ಫೋರ್–ದ–ಫ್ರಾನ್ಸಿನಲ್ಲಿರುವ ಕೇಂದ್ರ. ದೋಣಿಯ ಹೆಸರು, ಬಣ್ಣ, ಫೋಟೊ, ಉಪಗ್ರಹಕ್ಕೆ ಸಂಕೇತ ಕಳಿಸುವ ಇಪಿಆರ್‌ಬಿ ಸಾಧನದ ಸಂಖ್ಯೆ, ಎಲ್ಲ ಅದೇ ಪತ್ರದಲ್ಲಿರಲಿ.

12. ಒಬ್ಬರು ಬೇಡ ಅಂದರೆ ಬೇಡ

ಸಂಜೆಯ ಮುನ್ಸೂಚನೆ ನೋಡಿದ ಮೇಲೆ ಮುಖಾಮುಖಿ ಕೂತು ಕೇಳುವುದು ಒಂದೇ. ‘ನಿಂಗೆ ಹೇಗನ್ನಿಸ್ತದೆ?’ ‘ನಿಮಗೆ?’ ಹೋಗಲು ಇಬ್ಬರ ಒಪ್ಪಿಗೆ ಬೇಕು, ನಿಲ್ಲಲು ಒಬ್ಬರ ಮಾತು ಸಾಕು. ಬೇಡ ಎಂದವರು ಕಾರಣ ಕೊಡಬೇಕಾಗಿಲ್ಲ. ವಾದಿಸುವಂತಿಲ್ಲ, ಮುಖ ಊದಿಸಿಕೊಳ್ಳುವಂತಿಲ್ಲ, ಹದಿನೈದು ದಿನದ ನಂತರ ‘ಅವತ್ತು ನೀನು ಬೇಡ ಅಂದಿದ್ದಕ್ಕೆ’ ಎಂದು ತೆಗೆಯುವಂತಿಲ್ಲ. ಕಾರಣ ಕೇಳುವ ಪದ್ಧತಿ ಶುರುವಾದರೆ ಹೆದರಿದವರು ಕಾರಣ ಹುಡುಕಲಾಗದೆ ಒಪ್ಪಿಬಿಡುತ್ತಾರೆ. ಹೊಟ್ಟೆಯೊಳಗಿನ ಅಳುಕಿಗೆ ಎಷ್ಟೋ ಸಲ ಕಾರಣವಿರುತ್ತದೆ, ಅದಕ್ಕೆ ಮಾತು ಸಿಕ್ಕಿರುವುದಿಲ್ಲ. ಹೊನ್ನಾವರದ ಅಳಿವೆ ಬಾಯಿಯಲ್ಲಿ ಅಲೆ ನೋಡಿ ದೋಣಿ ತಿರುಗಿಸಿದ ತಾಂಡೇಲನನ್ನು, ಅಂದರೆ ದೋಣಿಯ ಮುಖ್ಯಸ್ಥನನ್ನು, ಯಾಕೆ ಎಂದು ಯಾರೂ ಕೇಳುವುದಿಲ್ಲ.

ನನ್ನ ಅನುಭವದಲ್ಲಿ ತಪ್ಪು ದಿನ ಹೊರಟ ದೋಣಿಗಳಲ್ಲಿ ಹೆಚ್ಚಿನವನ್ನು ಹೊರಡಿಸಿದ್ದು ದುರಾಸೆಯೂ ಅಲ್ಲ, ಅಜ್ಞಾನವೂ ಅಲ್ಲ, ತಾರೀಕು. ಸೇಂಟ್ ಮಾರ್ಟಿನ್‌ನಲ್ಲಿ ಯಾರೋ ವಿಮಾನ ಇಳಿಯುತ್ತಾರೆ, ಯಾರದೋ ರಜೆ ಮುಗಿಯುತ್ತದೆ, ಯಾರಿಗೋ ಹುಟ್ಟುಹಬ್ಬ. ಗಾಳಿ ನೇರ ಪೂರ್ವದಿಂದ 25 ನಾಟ್ ಬೀಸುತ್ತಿರುವಾಗ ಲಂಗರು ಎತ್ತುವವರನ್ನು ಮಾತಾಡಿಸಿ ನೋಡಿ, ಅವರ ಜೇಬಿನಲ್ಲಿ ಇಂಥದ್ದೊಂದು ತಾರೀಕು ಇದ್ದೇ ಇರುತ್ತದೆ.

ಆದ್ದರಿಂದ ನಮ್ಮನ್ನು ನೋಡಲು ಬೆಂಗಳೂರಿನಿಂದಲೋ ನ್ಯೂಜೆರ್ಸಿಯಿಂದಲೋ ಬರುವ ನೆಂಟರಲ್ಲಿ, ಸ್ನೇಹಿತರಲ್ಲಿ ಕೈಮುಗಿದು ಕೇಳುವುದಿಷ್ಟೆ: ನಾವು ಸೇಂಟ್ ಮಾರ್ಟಿನ್ ತಲುಪಿ ಲಂಗರು ಹಾಕಿ ಫೋನ್ ಮಾಡಿದ ಮೇಲೆ ಟಿಕೆಟ್ ಕೊಳ್ಳಿ. ಅಷ್ಟು ಹೊತ್ತಿಗೆ ದರ ಏರಿದ್ದರೆ ಹೆಚ್ಚಾದ ದುಡ್ಡನ್ನು ನಾವೇ ಕೊಡುತ್ತೇವೆ.